ಎತ್ತಿ ಹಾಕಿದ ನೀರು

ನಾಮದೇವ ಡಾಕ್ಟರು ಭುಜದವರೆಗೂ ಪ್ಲಾಸ್ಟಿಕ್ ಗ್ಲೌಸ್ ಏರಿಸಿದ್ದ ಕೈಯನ್ನು ಕಡಸಿನ ಒಳಗಿನಿಂದ ಹೊರಗೆಳೆದು, ಏನೂ ಮಾತಾಡದೆ ಸುಮ್ಮನೆ ನಿಂತರು. ಬಾಲ ಹಿಡಿದುಕೊಂಡಿದ್ದ ಜಿನ್ನಪ್ಪ ಅವರ ಮುಖವನ್ನೇ ನೋಡುತ್ತಿದ್ದ. ಬಿಸಿನೀರಿನ ತಂಬಿಗೆ, ಸಾಬೂನು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಮಲಾಬಾಯಿಗೆ ಆ ಮೌನ ಹಿಡಿಸಲಿಲ್ಲ. ಡಾಕ್ಟರು ಸುಮ್ಮನಾದರೆ ಮುಂದೆ ಎಂಥ ಮಾತು ಬರುತ್ತದೆ ಎಂಬುದನ್ನು ಅವಳು ಒಮ್ಮೆ ಮಿರಜದಲ್ಲಿ ಕಂಡು ಬಂದಿದ್ದಳು.

"ಕಾಕಾ, ಇದರ ಜೋಡಿ ಹೋರಿಗರ ಹುಟ್ಟಿತ್ತೇನ್ರಿ?"

"ಹೌದ್ರಿ. ಆಕಳ ಎರಡ ಹಾಕಿತ್ತು. ಹೋರಿಗರ ವಾರದಾಗ ಹೋತು. ಇದ ಉಳೀತು."

"ಹಂಗಾರ ಮುಗೀತ್ರಿ. ಒಂದ ಹೊಟ್ಟ್ಯಾಗ ಹೆಣ್ಣ ಗಂಡ ಎರಡೂ ಇದ್ದಾಗ ಒಬ್ಬರ ರಕ್ತ ಒಬ್ಬರಿಗಿ ಕೂಡತೈತಿ. ಗಂಡಿನ ರಕ್ತ ಹೆಣ್ಣಿನ ಮೈಯಾಗ ಹರೀತಂದ್ರ, ಹೊರಗ ನೋಡಾಕ ಹೆಣ್ಣ, ಒಳಗ ಗರ್ಭಚೀಲಾನ ಬೆಳದಿರೂದಿಲ್ಲ. ನೀವ ಎಷ್ಟ ಮೊಳಕಿ ಗೋಧಿ ತಿನಸಿದ್ರೂ ಇದು ಬೆದಿಗಿ ಬರೂದಿಲ್ಲ."

"ಏನ ರೋಗ ಅಂತಾರ್ರಿ ಇದಕ್ಕ?"

"ರೋಗ ಅಲ್ಲ ಕಾಕಾ. ಇದು ಹುಟ್ಟಿದ್ದ ಹಿಂಗ."

ಕಮಲಾಬಾಯಿಯ ಕೈಯಲ್ಲಿನ ತಂಬಿಗೆ ವಾಲಿ ಬಿಸಿನೀರು ಅವಳ ಕಾಲ ಮೇಲೆ ಚೆಲ್ಲಿತು. ಅವಳು ಸೀರೆಯ ನೆರಿಗೆ ಎತ್ತಿಕೊಂಡಳು.

ಪಡಸಾಲೆಯ ತುದಿಯಲ್ಲಿ, ಕೊಟ್ಟಿಗೆಯ ಗೋಡೆಗೆ ಹತ್ತಿಸಿ ಹಾಸಿದ ಹಳೆಯ ಚಾಪೆಯ ಮೇಲೆ ಮಗಳು ಸ್ನೇಹಲ ಕೂತಿದ್ದಳು. ಪಕ್ಕದಲ್ಲಿ ಅಂಚು ತಗ್ಗಿದ ಸ್ಟೀಲ್ ತಾಟು, ಒಂದು ಲೋಟ. ಉಗಾರ ಖುರ್ದದ ಶಾಲೆಯಲ್ಲಿ ವಿಜ್ಞಾನ ಕಲಿಸಿ ಆಗಷ್ಟೇ ಬಸ್ಸಿಳಿದು ಬಂದವಳು ಮಕ್ಕಳ ಉತ್ತರಪತ್ರಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತಿದ್ದಳು. ಅವಳು ಹೊರಗಾದ ದಿನಗಳವು. ಆ ಮನೆಯಲ್ಲಿ ತಿಂಗಳಿಗೊಮ್ಮೆ ಹೊರಗಾದ ಹೆಂಗಸು ಒಳಗೆ ಬರುವಂತಿಲ್ಲ, ನೀರಿನ ಕೊಡ ಮುಟ್ಟುವಂತಿಲ್ಲ, ಬಸದಿಯ ದಾರಿ ಹಿಡಿಯುವಂತಿಲ್ಲ. ಊಟವನ್ನೂ ನೀರನ್ನೂ ಮುಟ್ಟಿಸದೆ ಮೇಲಿಂದ ಎತ್ತಿ ಹಾಕಬೇಕು. ಶಾಲೆಗೆ ಹೋಗಲು ಮಾತ್ರ ಅಡ್ಡಿಯಿರಲಿಲ್ಲ. ಬಸ್ಸಿನಲ್ಲಿ ಯಾರು ಯಾರನ್ನು ಕೇಳುತ್ತಾರೆ. ಡಾಕ್ಟರರ ಮಾತಿಗೆ ಅವಳ ಕೆಂಪು ಪೆನ್ನು ನಿಂತಿತು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು, ನೋಡಿ ಬೇರೆ ಕಡೆ ಮುಖ ತಿರುಗಿಸಿದರು.

ಯಾಕೆಂದರೆ ಸ್ನೇಹಲ ಹೊರಗಾಗಿರಲಿಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ಆಗಿರಲಿಲ್ಲ.

ಈ ಸುಳ್ಳಿನ ಬೇರು ಹಿಡಿದು ಹೋದರೆ ಸಿಗುವವಳು ಪಕ್ಕದ ಮನೆಯ ತಾರವ್ವ. ತಾರವ್ವನ ಕಣ್ಣು ತಪ್ಪಿಸಿ ಜುಗೂಳದಲ್ಲಿ ಬೆಕ್ಕು ಕೂಡ ಮರಿ ಹಾಕುವಂತಿರಲಿಲ್ಲ. ಕೆಟ್ಟವಳೇನಲ್ಲ, ಬಾಣಂತನಕ್ಕೆ, ಸಾವಿಗೆ, ಹಪ್ಪಳ ಹಚ್ಚುವುದಕ್ಕೆ ಕರೆಯದೆಯೂ ಮೊದಲು ಬರುವವಳು. ಆದರೆ ಓಣಿಯ ಯಾವ ಹುಡುಗಿ ಯಾವಾಗ ದೊಡ್ಡಾಕಿಯಾದಳು ಎಂಬುದು ಅವಳ ನಾಲಗೆಯ ತುದಿಯಲ್ಲಿರುತ್ತಿತ್ತು. ಸ್ನೇಹಲ ಹತ್ತನೆಯ ಇಯತ್ತೆ ಮುಗಿಸಿದಾಗ ನಳದ ಹತ್ತಿರ ನಾಲ್ಕು ಜನರೆದುರಿಗೆ, "ಯಾಕ ಕಮಲಾ, ನಿನ್ನ ಮಗಳು ಇನ್ನೂ ಆಗಿಲ್ಲೇನ? ನನ್ನ ಮೊಮ್ಮಗಳು ಈಕಿಗಿಂತ ಸಣ್ಣಾಕಿ" ಎಂದು ಕೇಳಿದಳು. ಕೇಳಿದ್ದು ಒಂದೇ ಸಲವಲ್ಲ. ಕೊನೆಗೊಂದು ದಿನ ಕಮಲಾಬಾಯಿ ಬೇಸತ್ತು "ಆಗ್ಯಾಳ" ಎಂದುಬಿಟ್ಟಳು. ಇಂದಲ್ಲ ನಾಳೆ ಆಗಿಯೇ ಆಗುತ್ತಾಳೆ, ಸ್ವಲ್ಪ ಮೊದಲೇ ಹೇಳಿದರೆ ಯಾರ ಗಂಟು ಹೋಯಿತು ಎಂಬುದು ಅವಳ ಎಣಿಕೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರಲ್ಲ.

ಮಾತು ಬಾಯಿಂದ ಬಿದ್ದ ಮೇಲೆ ಓಣಿಯ ಹೆಂಗಸರು ಸುಮ್ಮನಿದ್ದಾರೆಯೇ? ಹುಡುಗಿಗೆ ಹಸಿರು ಸೀರೆ ಉಡಿಸಿದರು, ಕುರ್ಚಿಯಲ್ಲಿ ಕೂಡಿಸಿ ಆರತಿ ಎತ್ತಿದರು, ಉಂಡಿ ಹಂಚಿದರು. ಹೂವಿನ ದಂಡೆಯ ಕೆಳಗಿನಿಂದ ಸ್ನೇಹಲ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಆರತಿಯಾದ ಮೇಲೆ ತಿಂಗಳು ತಿಂಗಳು ಹೊರಗೆ ಕೂಡಬೇಕಲ್ಲ. ಮರೆಯಬಾರದೆಂದು ಕಮಲಾಬಾಯಿ ಅಮಾವಾಸ್ಯೆಯ ಬೆನ್ನಿಗೆ ಗಂಟು ಹಾಕಿದಳು. ಅಮಾವಾಸ್ಯೆ ಕಳೆದೊಡನೆ ಮಗಳಿಗೆ ಚಾಪೆ.

ನಾಳೆ ನಾಳೆ ಎಂದು ವರ್ಷವೊಂದು ಕಳೆದ ಮೇಲೆ, ಕಣ್ಣು ತೋರಿಸುವ ನೆಪ ಮಾಡಿ ಮಗಳನ್ನು ಮಿರಜಕ್ಕೆ ಕರೆದೊಯ್ದಳು. ಅಲ್ಲಿಯ ಡಾಕ್ಟರಬಾಯಿ ಹೊಟ್ಟೆಯ ಫೋಟೋ ತೆಗೆಸಿದರು, ರಕ್ತ ಎಲ್ಲಿಗೋ ಕಳಿಸಿ ತರಿಸಿದರು, ಆಮೇಲೆ ಹೀಗೆಯೇ ಸುಮ್ಮನೆ ಕೂತರು. "ಒಳಗ ಗರ್ಭಚೀಲ ಇಲ್ಲ ಬಾಯಿ. ರಕ್ತದಾಗ ಗಂಡಿನ ಗುರುತು ಐತಿ. ಆದ್ರ ಈಕಿ ಹುಡುಗೀನ, ಹುಡುಗಿ ಹಂಗ ಬಾಳತಾಳ. ಹಿಂಗೂ ಮಂದಿ ಹುಟ್ಟತಾರ. ರೋಗ ಅಂತ ತಿಳಕೋಬ್ಯಾಡ್ರಿ." ಬಸ್ಸಿನಲ್ಲಿ ತಿರುಗಿ ಬರುವಾಗ ಕೃಷ್ಣೆಯ ಸೇತುವೆಯ ಮೇಲೆ ಸ್ನೇಹಲ, "ಇನ್ನ ಚಾಪಿ ಬ್ಯಾಡಲ್ಲ ಅವ್ವಾ?" ಎಂದು ಕೇಳಿದ್ದಳು. ಕಮಲಾಬಾಯಿ ಹೊಳೆಯನ್ನು ನೋಡುತ್ತ, "ಈಗ ಬಿಟ್ರ ಮಂದಿ ಬ್ಯಾರೇನರ ತಿಳಕೊಂಡಾರು" ಎಂದಳು. ಕನ್ಯೆಯ ಮುಟ್ಟು ನಿಂತರೆ ಮಂದಿ ಏನು ತಿಳಿದುಕೊಳ್ಳುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇದ್ದ ಒಂದು ಸುಳ್ಳನ್ನು ಕೈಬಿಟ್ಟರೆ ಇಲ್ಲದ ಇನ್ನೊಂದು ಕಳಂಕ ಬಂದು ತಲೆಯ ಮೇಲೆ ಕೂಡುತ್ತಿತ್ತು.

ಗಂಡನಿಗೂ ಅವಳು ಹೇಳಲಿಲ್ಲ. ಜಿನ್ನಪ್ಪ ಬೈಯುವವನಲ್ಲ, ಹೊಡೆಯುವವನಂತೂ ಅಲ್ಲ. ಅವನ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ, ಅಷ್ಟೆ.

ಚಾಪೆ ತನ್ನ ಕೂಲಿ ವಸೂಲಿ ಮಾಡದೆ ಬಿಡಲಿಲ್ಲ. ಜಿನ್ನಪ್ಪನ ತಾಯಿ ಸಾಯುವ ದಿನ ಅಮಾವಾಸ್ಯೆ ಕಳೆದಿತ್ತು. ಮುದುಕಿ ಮೊಮ್ಮಗಳನ್ನು ಕರೆಯುತ್ತಲೇ ಇದ್ದಳು. ತಾರವ್ವ ಮೊದಲಾಗಿ ಓಣಿಯ ಹೆಂಗಸರೆಲ್ಲ ಹಾಸಿಗೆಯ ಸುತ್ತ ಕೂತು ಣಮೋಕಾರ ಮಂತ್ರ ಹೇಳುತ್ತಿದ್ದರು. ಸ್ನೇಹಲ ಹೊಸ್ತಿಲಾಚೆ ನಿಂತಿದ್ದಳು. ಒಳಗೆ ಬಂದು ಕೈ ಹಿಡಿಯಲೇ ಎಂದು ಕಣ್ಣಲ್ಲೇ ಕೇಳಿದಳು. ಕಮಲಾಬಾಯಿ ಬೇಡವೆಂದು ತಲೆಯಾಡಿಸಿದಳು. ಮುದುಕಿ ಬಾಗಿಲ ಕಡೆ ಕಣ್ಣು ನೆಟ್ಟುಕೊಂಡೇ ಹೋದಳು. ಆವತ್ತಿನಿಂದ ಸ್ನೇಹಲ ಚಾಪೆ ಬೇಡವೆಂದು ಕೇಳುವುದನ್ನು ಬಿಟ್ಟಿದ್ದಳು.

ಆದರೆ ಇವತ್ತು, ನಾಮದೇವ ಡಾಕ್ಟರರ ಮೋಟರ್‌ಸೈಕಲ್ ಓಣಿ ದಾಟಿದ ಮೇಲೆ ಜಿನ್ನಪ್ಪ ಒಂದು ಕೆಲಸ ಮಾಡಿದ. ಕಡಸಿನ ಕೊರಳು ತುರಿಸುತ್ತ ಬಹಳ ಹೊತ್ತು ನಿಂತು, "ಇರ್ಲಿ ಬಿಡು ಗಂಗೀ. ನಿಂದೇನ ತಪ್ಪೈತಿ ಇದರಾಗ" ಎಂದ. ದನದ ಜೊತೆ ಮಾತಾಡುವುದು ಅವನಿಗೆ ಹೊಸದಲ್ಲ. ಕಮಲಾಬಾಯಿ ಮಾತ್ರ ಆ ಮಾತಿಗೆ ತಿರುಗಿ ಗಂಡನನ್ನು ನೋಡಿದಳು. ಸ್ನೇಹಲ ಚಾಪೆಯಿಂದಲೇ ತಾಯಿಯನ್ನು ಹತ್ತಿರ ಕರೆದಳು.

"ಕೇಳಿದ್ಯಾ? ಅಪ್ಪ ಏನಂದ ಕೇಳಿದ್ಯಾ? ಈಗ ಹೇಳವ್ವಾ ಆಂವಗ. ಇವತ್ತ ಹೇಳಿದ್ರ ತಿಳಕೋತಾನ."

"ಹೇಳೂಣು."

"ಉಗಾರದವರು ಬರೂದ್ರಾಗ ಹೇಳಬೇಕು. ನಾ ಮದವಿ ಬ್ಯಾಡ ಅನ್ನೂದಿಲ್ಲ. ಅಭಿನಂದನ ಚಲೋ ಹುಡುಗ. ಖರೇ ಹೇಳಿ ಆದ್ರ ಆಗತೀನಿ, ಮುಚ್ಚಿ ಆಗೂದಿಲ್ಲ. ನೀವು ಹೇಳದಿದ್ರ ಅಭಿನಂದನಗ ನಾನ ಹೇಳತೀನಿ."

ಉಗಾರದ ಸಂಬಂಧ ತಾನಾಗಿ ಮನೆ ಹುಡುಕಿಕೊಂಡು ಬಂದಿತ್ತು. ಹುಡುಗ ಅಭಿನಂದನ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಅವನ ತಾಯಿ ಸುಂದರಾಬಾಯಿ ಸ್ನೇಹಲಳನ್ನು ಶಾಲೆಯ ಕಾರ್ಯಕ್ರಮವೊಂದರಲ್ಲಿ ನೋಡಿ ಮೆಚ್ಚಿದ್ದಳು. ಬರುವ ರವಿವಾರ ಸಾಕರಪುಡಾ, ಅಂದರೆ ಸಕ್ಕರೆ ಪುಡಿಕೆ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುವ ಕಾರ್ಯ.

"ನಿನಗ ಹೆದರಿಕಿ ಆಗೂದಿಲ್ಲೇನ ಪೋರಿ?" ಎಂದಳು ಕಮಲಾಬಾಯಿ.

"ಹಿತ್ತಲದಾಗಿನ ಪಪ್ಪಾಯಿ ಗಂಡ ಗಿಡ ಅಂತ ಕಡಿಯಾಕ ನಿಂತಿದ್ದಿ. ಹೋದ ವರ್ಷ ಅದ ತಾನಾಗಿ ಕಾಯಿ ಬಿಡ್ತು. ಎರಿಹುಳದಾಗ ಹೆಣ್ಣ ಗಂಡ ಎರಡೂ ಒಂದರಾಗ ಇರತಾವ. ಹೆಣ್ಣಾಗಿ ಹುಟ್ಟಿ ಗಂಡಾಗೋ ಮೀನ ಅದಾವ. ನಾ ಇದನ್ನ ದಿನಾ ಮಕ್ಕಳಿಗಿ ಕಲಸತೀನಿ. ಅವ್ಯಾವೂ ಮಂದಿ ಸಲುವಾಗಿ ಚಾಪಿ ಹಾಸಿ ಕೂಡೂದಿಲ್ಲ ಅವ್ವಾ."

ಕಮಲಾಬಾಯಿಗೆ ಹಿಂದೊಮ್ಮೆ ಚಾತುರ್ಮಾಸಕ್ಕೆ ಬಸದಿಯಲ್ಲಿ ಉಳಿದಿದ್ದ ಸನ್ಯಾಸಿನಿ ಮಾತಾಜಿ ಪ್ರವಚನದಲ್ಲಿ ಹೇಳಿದ್ದು ನೆನಪಾಯಿತು. ಗಿಡಮರ, ಹುಳ, ಇರುವೆ, ಜೇನು, ನಾಲ್ಕು ಇಂದ್ರಿಯದವರೆಗಿನ ಜೀವಗಳೆಲ್ಲ ಹೆಣ್ಣೂ ಅಲ್ಲ ಗಂಡೂ ಅಲ್ಲ, ನಪುಂಸಕ ಎಂದಿದ್ದರು. ಸುತ್ತಲಿನ ಹೆಂಗಸರು ಆಕಳಿಸುತ್ತಿದ್ದರು. ಅವಳೊಬ್ಬಳು ಮೈಯೆಲ್ಲ ಕಿವಿಯಾಗಿ, ಹಾಗಾದರೆ ಈ ಜಗತ್ತಿನಲ್ಲಿ ನನ್ನ ಮಗಳಂಥವರೇ ಹೆಚ್ಚು ಎಂದುಕೊಂಡು ಕಣ್ಣೀರು ಒರೆಸಿಕೊಂಡಿದ್ದಳು. ಮನೆಗೆ ಬಂದ ಮೇಲೆ ಆ ಧೈರ್ಯ ಒಂದು ದಿನವೂ ಉಳಿದಿರಲಿಲ್ಲ. ಮಾತಾಜಿ ಹೇಳಿದ್ದು ಇರುವೆಯ ಮಾತು, ಇರುವೆಗೆ ಬೀಗರಿರುವುದಿಲ್ಲ.

ಆದರೂ ಈ ಸಲ ಹೇಳಿಬಿಡುವುದೆಂದೇ ಅವಳು ಗಟ್ಟಿ ಮಾಡಿಕೊಂಡಳು. ಎರಡು ದಿನ ಬಿಟ್ಟು, ಮಗಳು ಚಾಪೆ ಎತ್ತಿದ ಮೇಲೆ, ಬುತ್ತಿ ಕಟ್ಟಿಕೊಂಡು ಕಬ್ಬಿನ ಹೊಲಕ್ಕೆ ಹೋದಳು. ಜಿನ್ನಪ್ಪ ಬದುವಿನ ಬೇವಿನ ಕೆಳಗೆ ಕೂತು ರೊಟ್ಟಿ ಮುರಿಯುವಾಗ, "ರೀ, ಒಂದ ಮಾತ ಐತಿ" ಎಂದು ಶುರು ಮಾಡಿದಳು.

"ನಂದೂ ಒಂದ ಐತಿ, ಮೊದಲ ಕೇಳು" ಎಂದ ಜಿನ್ನಪ್ಪ. ರೊಟ್ಟಿಯಿಂದ ಕಣ್ಣೆತ್ತಲಿಲ್ಲ. "ಗಂಗೀನ ತೆಲಸಂಗದ ಇಬ್ರಾಹಿಮಗ ಕೊಟ್ಟೆ. ಮುಂಜಾನೆ ಹೊಲಕ್ಕ ಹೊಡಕೊಂಡ ಬಂದಿದ್ದೆ, ಇಲ್ಲಿಂದ ಟೆಂಪೋದಾಗ ಒಯ್ದ."

"ಗೊಡ್ಡ ಅಂತ ಹೇಳಿದ್ರ್ಯಾ?"

ಅವನು ಪಲ್ಯ ಕಲಸಿದ. "ಹೇಳಲಿಲ್ಲ. ಏನರ ಐಬ ಐತೇನ್ರಿ ಅಂತ ಕೇಳಿದ. ಅಗದೀ ಸುದ್ದ ಐತಿ ಅಂದೆ."

"ಅಲ್ರೀ..."

"ಕೇಳಿಲ್ಲಿ. ಗೋಶಾಲಾದವರನ್ನ ಕೇಳಿದೆ, ಜಾಗಾ ಇಲ್ಲ ಅಂದ್ರು. ಮನ್ಯಾಗ ಇಟಗೊಂಡ್ರ ಇನ್ನ ಹತ್ತ ವರ್ಷ ಮೇವ ಹಾಕಬೇಕು. ಮುಂದ ನಾವಿಲ್ಲಂದ್ರ ಯಾರ ನೋಡಾವ್ರು? ಗೊಡ್ಡ ಅಂತ ಊರಿಗಿ ಗೊತ್ತಾತಂದ್ರ ಅದರ ದಾರಿ ಎಲ್ಲಿಗಿ ಅಂತ ನಿನಗೂ ಗೊತ್ತೈತಿ. ಇಬ್ರಾಹಿಮ ದನ ಸಾಕೂ ಮನುಷ್ಯ. ಇಂದ ಬೆದಿಗಿ ಬರತೈತಿ, ನಾಳೆ ಬರತೈತಿ ಅಂತ ನಾಕ ವರ್ಷರ ಸಾಕತಾನ. ಒಂದ ಸುಳ್ಳ ಹೇಳಿ ಒಂದ ಜೀವಾ ಉಳಸೇನಿ. ಹಿಂಸಾದಕಿಂತ ಸುಳ್ಳ ಸಣ್ಣ ಪಾಪ."

ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೆಂಡತಿಗೆ ಅದು ತಿಳಿಯದೆ ಇರಲಿಲ್ಲ. ಆದರೆ ಆ ಮಾತು ಅವಳಿಗೆ ಬಾಯಾರಿದವನಿಗೆ ಸಿಕ್ಕ ನೀರಿನಂತೆ ಆಯಿತು. ವರ್ಷಗಟ್ಟಲೆ ಅವಳ ಎದೆಯ ಮೇಲಿದ್ದ ಕಲ್ಲಿಗೆ ಗಂಡ ತಾನೇ ಒಂದು ಹೆಸರು ಕೊಟ್ಟಿದ್ದ: ಸಣ್ಣ ಪಾಪ.

"ಮಂದಿ ಮದವೀ ಒಳಗೂ ಹಿಂಗ ಮಾಡತಾರಲ್ರಿ" ಎಂದಳು ಮೆಲ್ಲಗೆ.

ಜಿನ್ನಪ್ಪ ನಕ್ಕ. "ಸಾವಿರ ಸುಳ್ಳ ಹೇಳಿ ಒಂದ ಮದವಿ ಮಾಡು ಅಂತ ಹಿರ್ಯಾರ ಸುಮ್ಮನ ಅಂದಾರೇನು? ಅದಿರಲಿ, ನಿನ್ನ ಮಾತ ಏನಂದಿ?"

"ಏನಿಲ್ಲ. ರವಿವಾರಕ್ಕ ಹೋಳಿಗಿ ಮಾಡೂಣೋ, ಶಿರಾ ಮಾಡೂಣೋ ಅಂತ."

ಹಾಗೆ ಅವಳು ಹೇಳಲಿಲ್ಲ. ಸಂಜೆ ಮಗಳು ಕೇಳಿದಾಗ, ಅಪ್ಪನಿಗೆ ಹೇಳಿದೆನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. "ಸಾಕರಪುಡಾ ಮುಗೀಲಿ, ಆಮ್ಯಾಲೆ ಎಲ್ಲಾ ಸರಿ ಆಗತೈತಿ. ಅಲ್ಲೀಮಟಾ ಬಾಯಿ ಬಿಡಬ್ಯಾಡ, ನನ್ನ ಆಣಿ ಐತಿ" ಎಂದು ಅವಳ ಗದ್ದ ಹಿಡಿದುಕೊಂಡಳು. ಸ್ನೇಹಲ ಗದ್ದ ಬಿಡಿಸಿಕೊಂಡು, ಕಡಸಿಲ್ಲದ ಗೂಟವನ್ನು ನೋಡುತ್ತ ನಿಂತಳು.

ರವಿವಾರ ಉಗಾರದವರು ಹೊತ್ತಿಗೆ ಸರಿಯಾಗಿ ಬಂದರು. ಅಭಿನಂದನ, ಅವನ ತಂದೆ ತಾಯಿ, ಜೊತೆಗೆ ಬಸದಿಯ ಪಂಡಿತರು. ಸ್ನೇಹಲಳಿಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಸಕ್ಕರೆ ಪುಡಿಕೆ ಕೈಯಲ್ಲಿಟ್ಟರು. ಪಡಸಾಲೆಯಲ್ಲಿ ಗಂಡಸರು ಕಬ್ಬಿನ ಮಾತಿಗೆ ಬಿದ್ದರು. ಪಂಡಿತರು ಎರಡು ಮುಹೂರ್ತ ಹೇಳಿದರು. ಸುಂದರಾಬಾಯಿ ಅಡುಗೆಮನೆಗೆ ಎದ್ದು ಬಂದು, ಗಂಡಸರಿಗೆ ಕೇಳದಂತೆ ದನಿ ತಗ್ಗಿಸಿ, "ಅಕ್ಕಾರ, ಹುಡುಗಿದು ಯಾವಾಗ ಇರತೈತ್ರಿ? ಮುಹೂರ್ತಕ್ಕ ಅಡ್ಡ ಬರಬಾರದಲ್ಲ" ಎಂದು ಕೇಳಿದಳು.

ಯಾವ ಮನೆಯಲ್ಲೂ ದಿನ ಗೊತ್ತು ಮಾಡುವ ಮುನ್ನ ಕೇಳುವ ಮಾತೇ. ಕೇಳುತ್ತಾರೆಂದು ಕಮಲಾಬಾಯಿಗೂ ಗೊತ್ತಿತ್ತು. ಆದರೂ ಶಿರಾದ ಪಾತ್ರೆಯಲ್ಲಿ ಸೌಟು ತಿರುಗಿಸುತ್ತಲೇ ನಿಂತಳು. ಅಷ್ಟರಲ್ಲಿ ಗೋಡಂಬಿ ಬಿಡಿಸುತ್ತ ಕೂತಿದ್ದ ತಾರವ್ವ ಮುಂದೆ ಬಂದಳು.

"ಅದರ ಚಿಂತಿ ನೀವ ಮಾಡಬ್ಯಾಡ್ರಿ. ಅಗದೀ ಗಡಿಯಾರ ಇದ್ದಂಗ. ಅಮಾಸಿ ಮುಗೀತಂದ್ರ ಹುಡುಗಿ ಚಾಪಿ ಮ್ಯಾಲೆ. ದೊಡ್ಡಾಕಿ ಆದಾಗಿಂದ ಒಂದ ತಿಂಗಳ ಹಿಂದ ಮುಂದ ಆಗಿದ್ದ ನಾ ನೋಡಿಲ್ಲ. ಇಂಥಾ ನೇಮಸ್ತ ಹುಡುಗಿ ಹುಡಿಕಿದ್ರ ಸಿಗೂದಿಲ್ರಿ ನಿಮಗ."

"ಹಂಗಾರ ಮಕ್ಕಳ ಆಗಾಕ ಏನೂ ತ್ರಾಸ ಇಲ್ಲ ಬಿಡ್ರಿ" ಎಂದು ಸುಂದರಾಬಾಯಿ ನಕ್ಕಳು. ಕಮಲಾಬಾಯಿಯೂ ನಕ್ಕಳು. ತಾನು ಇಷ್ಟು ವರ್ಷ ಮಗಳ ಸುತ್ತ ಕಟ್ಟಿದ ಗೋಡೆಗೆ ತಾರವ್ವ ಈಗ ಸುಣ್ಣ ಹಚ್ಚಿದ್ದಳು. ಹುಣ್ಣಿಮೆಯ ಹತ್ತಿರದ ಮುಹೂರ್ತ ಗಟ್ಟಿಯಾಯಿತು.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಹಿರಿಯರು ಅವರಿಬ್ಬರನ್ನು ಹಿತ್ತಲಿಗೆ ಕಳಿಸಿದರು. ಅಡುಗೆಮನೆಯ ಕಿಟಕಿಯಿಂದ ಕಮಲಾಬಾಯಿಗೆ ಪಪ್ಪಾಯಿ ಗಿಡದ ಹತ್ತಿರ ನಿಂತ ಇಬ್ಬರೂ ಕಾಣುತ್ತಿದ್ದರು, ಮಾತು ಕೇಳುತ್ತಿರಲಿಲ್ಲ. ಸ್ನೇಹಲ ಮೇಲೆ ಕೈ ಮಾಡಿ ಗಿಡವನ್ನು ತೋರಿಸಿದಳು. ಅಭಿನಂದನ ತಲೆಯೆತ್ತಿ ನೋಡಿದ. ಹೇಳುತ್ತಿದ್ದಾಳೆ ಎಂದು ತಾಯಿಗೆ ಗೊತ್ತಾಯಿತು. ಪಪ್ಪಾಯಿಯಿಂದ ಶುರು ಮಾಡಿದ್ದಾಳೆ. ಓಡಿ ಹೋಗಿ ತಡೆಯಬೇಕೆಂದು ಒಂದು ಮನಸ್ಸು. ಹೇಳಿಬಿಡಲಿ, ಒಮ್ಮೆಗೆ ಮುಗಿದು ಹೋಗಲಿ ಎಂದು ಇನ್ನೊಂದು ಮನಸ್ಸು. ಅಭಿನಂದನ ಕೇಳುತ್ತಿದ್ದ ರೀತಿಯಲ್ಲಿ ಒಂದು ಗಮನವಿತ್ತು, ಮುಖದಲ್ಲಿ ಗೇಲಿಯಿರಲಿಲ್ಲ. ಆ ಗಳಿಗೆಯಲ್ಲಿ ಕಮಲಾಬಾಯಿ ದೇವರಲ್ಲಿ ಏನು ಬೇಡಿಕೊಂಡಳೆಂದರೆ, ಹೇಳಲಿ ಎಂದೇ ಬೇಡಿಕೊಂಡಳು.

ಆಗ ಓಣಿಯಲ್ಲಿ ಟೆಂಪೋ ನಿಂತ ಸದ್ದಾಯಿತು.

ತೆಲಸಂಗದ ಇಬ್ರಾಹಿಮ ಹಿಂದಿನ ಬಾಗಿಲು ತೆಗೆದು ಗಂಗಿಯನ್ನು ಇಳಿಸಿದ. ಬಿಳಿ ಗಡ್ಡದ, ಸಣಕಲು ಮೈಯ ಮನುಷ್ಯ. ಮನೆ ತುಂಬ ಬೀಗರಿರುವುದನ್ನು ಕಂಡು ಒಂದು ಕ್ಷಣ ಹಿಂದೆಗೆದ. ಆದರೆ ಕಡಸು ಗುರುತಿನ ಕೊಟ್ಟಿಗೆ ಕಂಡು ತಾನೇ ಒಳಗೆ ನಡೆದುಬಿಟ್ಟಿತು, ಅವನು ಹಗ್ಗ ಹಿಡಿದು ಅದರ ಹಿಂದೆ ಬಂದ. ಅದನ್ನು ಹಳೆಯ ಗೂಟಕ್ಕೇ ಕಟ್ಟಿದ.

"ಜಿನ್ನಪ್ಪಣ್ಣಾ, ನಮ್ಮೂರ ಡಾಕ್ಟರಿಗಿ ತೋರಿಸಿದೆ. ಜೋಡಿ ಹುಟ್ಟಿದ ಕಡಸು, 'ಒಳಗ ಏನೂ ಇಲ್ಲ' ಅಂದ್ರು. ನಿಮಗ ಗೊತ್ತಿತ್ತೇನ್ರಿ?"

ಜಿನ್ನಪ್ಪ ಕುರ್ಚಿಯಿಂದ ಎದ್ದು ನಿಂತಿದ್ದ. ಗೊತ್ತಿರಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎದುರೆದುರೇ ಎರಡನೆಯ ಸುಳ್ಳು ಅವನ ಬಾಯಿಂದ ಹೊರಡಲಿಲ್ಲ. ತಲೆ ತಗ್ಗಿಸಿದ.

"ನೀವು ಜೈನರು, ಮಾತಿಗಿ ತಪ್ಪೂದಿಲ್ಲ ಅಂತ ಬ್ಯಾರೆ ಯಾರನ್ನೂ ಕೇಳದ ಒಯ್ದಿದ್ದೆ" ಎಂದ ಇಬ್ರಾಹಿಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಗಡಿ ಆಚೆ ಕಸಾಯಿಖಾನೆಗಿ ಕೊಡು ಅಂದ ಮಂದಿ ಇದ್ರು. ನಿಮ್ಮ ಜೀವಕ್ಕ ನೋವ ಆಗತೈತಿ ಅಂತ ಕೊಡಲಿಲ್ಲ, ತಿರುಗಿ ತಂದೆ. ರೊಕ್ಕ ನಿಮ್ಮ ಕೈಯಾಗ ಆದಾಗ ಕಳಸ್ರಿ." ಚಹಾ ಕುಡಿಯಿರೆಂದು ಯಾರೋ ಹೇಳಿದರು. ಅವನು ಕೈಮುಗಿದು ಹೋಗಿಬಿಟ್ಟ.

ಪಡಸಾಲೆಯಲ್ಲಿ ಎಲ್ಲರೂ ಕೊಟ್ಟಿಗೆಯ ಕಡೆ ನೋಡಿದರು. ಕೊನೆಗೆ ಸುಂದರಾಬಾಯಿ, ಕುಹಕವಿಲ್ಲದೆ, ಇದ್ದದ್ದನ್ನು ಇದ್ದಂತೆ ಹೇಳುವವಳ ಹಾಗೆ, "ದನದ ಮಾತ ಬಿಡ್ರಿ, ನಡೀತಿರತೈತಿ" ಎಂದಳು. ಸದ್ದು ಕೇಳಿ ಹಿತ್ತಲಿನಿಂದ ಬಂದ ಅಭಿನಂದನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕಡಸನ್ನು ನೋಡುತ್ತ ಸ್ನೇಹಲಳಿಗೆ ಏನೋ ಅಂದ. ಸ್ನೇಹಲ ಬಗ್ಗಿ, ತನ್ನ ಸೀರೆಗೆ ಅಂಟಿದ ಹುಲ್ಲುಕಡ್ಡಿ ತೆಗೆಯತೊಡಗಿದಳು. ಸಂಬಂಧವೇನೂ ಮುರಿಯಲಿಲ್ಲ. ಶಿರಾ ತಿಂದರು, ಮುಹೂರ್ತವನ್ನು ಇನ್ನೊಮ್ಮೆ ಹೇಳಿ ಗಟ್ಟಿ ಮಾಡಿಕೊಂಡರು, ಕಾರು ಹತ್ತಿ ಹೋದರು.

"ಏನಂದ ಆಂವ?" ಕಮಲಾಬಾಯಿ ಪಾತ್ರೆ ತಿಕ್ಕುತ್ತ ಮಗಳನ್ನು ಕೇಳಿದಳು.

"ಪಪ್ಪಾಯಿದು ಹೇಳಿ ಮುಗಿಸಿದ್ದೆ. ಇನ್ನ ನಂದು ಹೇಳಬೇಕಂತ ಬಾಯಿ ತಗದಿದ್ದೆ." ಸ್ನೇಹಲ ಬಳೆಗಳನ್ನು ಒಂದೊಂದಾಗಿ ಕಳಚಿ ಕಟ್ಟೆಯ ಮೇಲಿಟ್ಟಳು. "'ಮುದಕ ಚಲೋ ಮಾಡಿದ. ಮೋಸ ಮಾಡಿದವರ ಗೂಟಕ್ಕ ತಂದ ಕಟ್ಟಿ ಹೋಗಬೇಕು' ಅಂದ. ನಿಮ್ಮ ಅಪ್ಪಗ ಬೇಜಾರ ಆಗಿದ್ರ ಕ್ಷಮಾ ಇರಲಿ ಅಂತಾನೂ ಅಂದ. ಆಮ್ಯಾಲೆ ನಂದು ಹೇಳಾಕ ಆಗಲಿಲ್ಲ. ಚಲೋ ಹುಡುಗ ಅವ್ವಾ."

ಕಮಲಾಬಾಯಿ ಬೂದಿ ಹತ್ತಿದ ಜುಂಗನ್ನು ಕೆಳಗಿಟ್ಟಳು. ಇನ್ನು ತಡ ಮಾಡಬಾರದು, ಗಂಡನ ಕಾಲು ಹಿಡಿದಾದರೂ ಹೇಳಿಬಿಡಬೇಕು ಎಂದು ಅವಳು ಒದ್ದೆ ಕೈಯಲ್ಲೇ ಎದ್ದಳು. ಜಿನ್ನಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಆ ಒಂದು ಮಧ್ಯಾಹ್ನದಲ್ಲಿ ಮುಖಕ್ಕೆ ಎಷ್ಟೋ ವರ್ಷ ಕೂಡಿದಂತಿತ್ತು.

"ಅಡಿಕಿಗಿ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ ಕಮಲಾ" ಎಂದ. "ಬೀಗರ ಮುಂದ ಸುಳ್ಳಬುರುಕ ಆದೆ. ಹೊಳಿಗಿ ಹೋಗಿ ಬೀಳಬೇಕನಸತೈತಿ."

"ಹಂಗ ಅನಬ್ಯಾಡ್ರಿ. ರೀ, ಸ್ನೇಹಲನ ವಿಷಯ..."

"ಹೂಂ. ಅದೊಂದ ಸಮಾಧಾನ." ಜಿನ್ನಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡ. "ದನದಾಗ ತಪ್ಪಿದೆ. ಮಗಳ ವಿಷಯದಾಗರ ಖರೇಪಣಾಲೆ ನಡದೀವಿ. ಅದೊಂದ ಉಳದೈತಿ ನನಗ."

ಕಮಲಾಬಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒಣಗಿದ ಮೇಲೂ ಒರೆಸಿಕೊಂಡಳು. ಆಮೇಲೆ ಒಳಗೆ ಹೋಗಿ ಉಳಿದ ಪಾತ್ರೆಗಳನ್ನು ತಿಕ್ಕಿದಳು.

ಲಗ್ನಪತ್ರಿಕೆಗಳು ಅಚ್ಚಾಗಿ ಬಂದವು. ಅಮಾವಾಸ್ಯೆಯೂ ಬಂದು ಹೋಯಿತು. ತವರಿನಲ್ಲಿ ಸ್ನೇಹಲಳಿಗೆ ಅದು ಕೊನೆಯ ಸಲದ ಚಾಪೆ. ಈ ಸಲ ಕಮಲಾಬಾಯಿ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಶಾಲೆಗೆ ರಜೆ ಹಾಕಿದ್ದ ಮಗಳು ಮುಂಜಾನೆ ತಾನೇ ಚಾಪೆ ತಂದು, ಪಡಸಾಲೆಯ ತುದಿಯಲ್ಲಿ ಕೊಟ್ಟಿಗೆಯ ಗೋಡೆಗೆ ಹತ್ತಿಸಿ ಹಾಸಿಕೊಂಡಳು. ಗೋಡೆಯ ಆಚೆ ಗಂಗಿ ಮೇವು ಮೆಲ್ಲುತ್ತಿತ್ತು. ತಿರುಗಿ ಬಂದಾಗಿನಿಂದ ಜಿನ್ನಪ್ಪ ಅದಕ್ಕೆ ಹೊತ್ತಿಗೆ ಹುಲ್ಲು ಹಾಕುತ್ತಿದ್ದ, ಮಾತಾಡಿಸುತ್ತಿರಲಿಲ್ಲ.

ಮಧ್ಯಾಹ್ನ ಜಿನ್ನಪ್ಪ ಪತ್ರಿಕೆ ಹಂಚಲು ಅಥಣಿಯ ಕಡೆ ಹೋಗಿದ್ದ. ತಾರವ್ವನ ಮನೆಗೆ ಬೀಗ; ಅವಳು ಮಗಳ ಊರಿಗೆ ಹೋಗಿದ್ದಳು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕಮಲಾಬಾಯಿ ರೊಟ್ಟಿಯನ್ನು ಎತ್ತರದಿಂದ ತಾಟಿಗೆ ಬಿಟ್ಟಳು, ಪಲ್ಯವನ್ನು ಸೌಟಿನಿಂದ ಎತ್ತಿ ಹಾಕಿದಳು. ನೀರಿನ ತಂಬಿಗೆ ತಂದಳು.

"ಅವ್ವಾ" ಎಂದಳು ಸ್ನೇಹಲ. "ಯಾರೂ ಇಲ್ಲ."

"ಗೊತ್ತೈತಿ."

"ಹಂಗಾರ ಇವತ್ತೊಂದ ದಿನ ತಂಬಿಗಿ ನನ್ನ ಕೈಯಾಗ ಕೊಡು."

ಸ್ನೇಹಲ ಎರಡೂ ಕೈ ಮುಂದೆ ಚಾಚಿದಳು. ಅಂಗೈಗಳು ಬರಿದಾಗಿದ್ದವು, ಮದರಂಗಿ ಇನ್ನೂ ಹಚ್ಚಿರಲಿಲ್ಲ. ಕೊಡಬೇಕು, ಆ ಕೈಗಳನ್ನು ಹಿಡಿದುಕೊಂಡು ಅಲ್ಲೇ ಚಾಪೆಯ ಮೇಲೆ ಕೂತುಬಿಡಬೇಕು ಎಂದು ಕಮಲಾಬಾಯಿಗೆ ಬಹಳ ಅನಿಸಿತು. ಒಂದು ಹೆಜ್ಜೆ ಮುಂದೆ ಬಂದಳು. ಆದರೆ ತಂಬಿಗೆ ಹಿಡಿದ ಕೈ ಎದೆಯೆತ್ತರದಿಂದ ಕೆಳಗಿಳಿಯಲಿಲ್ಲ. ಇಷ್ಟು ವರ್ಷ ಕಲಿತ ಕೈ ಅದು, ಅವಳ ಮಾತು ಕೇಳಲಿಲ್ಲ.

ಸ್ನೇಹಲ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಲೋಟವನ್ನು ಮುಂದಕ್ಕೆ ಸರಿಸಿದಳು.

ನೀರು ಮೇಲಿನಿಂದ ಬಿತ್ತು. ಅರ್ಧ ಲೋಟದಲ್ಲಿ, ಅರ್ಧ ಚಾಪೆಯ ಮೇಲೆ. ಆ ಸದ್ದಿಗೆ ಗೋಡೆಯ ಆಚೆ ಗಂಗಿ ಮೆಲುಕು ನಿಲ್ಲಿಸಿತು, ತನಗೂ ನೀರು ತಂದರೇನೋ ಎಂದು ಹಗ್ಗ ಜಗ್ಗಿತು.